ಏಳನೇ ಕಿವಿ

ನಮ್ಮವರು ಹೋಗಿ ಐದು ತಿಂಗಳಾಯಿತು. ಮೂವತ್ತೆಂಟು ವರ್ಷ ಊರಿನ ತಲೆಗಳೆಲ್ಲ ಅವರ ಕೈಯಲ್ಲಿದ್ದವು. ಕ್ಷೌರದಂಗಡಿ ಅವರದು. ಒಂದು ಕನ್ನಡಿ, ಒಂದು ತಿರುಗುವ ಕುರ್ಚಿ. ಕುರ್ಚಿ ತಿರುಗುವುದು ನಿಂತು ಹತ್ತು ವರ್ಷವಾಗಿತ್ತು. ಗಿರಾಕಿಯೇ ತಿರುಗಬೇಕಿತ್ತು.

ಅವರಿಗೆ ಹಳೇ ಫೋಟೋಗಳ ಹುಚ್ಚು. ಅರ್ಧ ಗಡ್ಡ ಕೆರೆದು ಕತ್ತಿ ಎತ್ತಿ ಹಿಡಿದು, "ಮನೇಲಿ ಹಳೇ ಫೋಟೋ ಏನಾದ್ರೂ ಇದೆಯಾ?" ಎಂದು ಕೇಳುತ್ತಿದ್ದರು. ಆ ಹೊತ್ತಿನಲ್ಲಿ ಯಾರು ಇಲ್ಲ ಅನ್ನುತ್ತಾರೆ? ಹೀಗೆ ಕಬ್ಬಿಣದ ಪೆಟ್ಟಿಗೆ ತುಂಬಿತು. ಫೋಟೋಗಳು, ಶಾಲೆಯ ಹಾಜರಿ ಪುಸ್ತಕಗಳು, ಊರ ಬಾವಿ ತೋಡಲು ಯಾರು ಯಾವ ದಿನ ಬಂದರೆಂದು ಬರೆದ ಚೀಟಿಗಳು. ನನ್ನ ಸೀರೆಗಳು ಚೀಲಕ್ಕೆ ಹೋದವು.

ಫೋಟೋದ ಬೆನ್ನಿಗೆ ಪೆನ್ನು ತಾಗಿಸುತ್ತಿರಲಿಲ್ಲ. ಮೇಲೆ ತೆಳು ಕಾಗದ ಇಟ್ಟು ತಲೆಗಳ ಗೆರೆ ಎಳೆದು, ಒಂದೊಂದು ತಲೆಗೂ ನಂಬರು ಕೊಡುತ್ತಿದ್ದರು. ನಂಬರು ಯಾರದೆಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದರು. ಗುರುತು ಹಿಡಿಯುತ್ತಿದ್ದುದು ಕಿವಿಯಿಂದ.

"ಲೇ, ಮುಖ ಬದಲಾಗುತ್ತೆ, ಹಲ್ಲು ಬೀಳುತ್ತೆ, ಕೂದಲು ನಾನೇ ತೆಗೀತೀನಿ. ಕಿವಿ ಎಲ್ಲಿಗೆ ಹೋಗುತ್ತೆ? ಅಜ್ಜಂದು ಮೊಮ್ಮಗನ ತಲೇಲಿ ಕೂತಿರುತ್ತೆ" ಅನ್ನುತ್ತಿದ್ದರು.

"ನನ್ನ ಮಾತು ಕೇಳದ ಕಿವಿ ಯಾರಿಂದ ಬಂತು ನಿಮಗೆ?" ಎಂದು ನಾನು ಕೇಳುತ್ತಿದ್ದೆ.

ಅವರು ಹೋದ ಮೇಲೆ ಲೈಬ್ರರಿ ಮೇಡಂ ಬಂದು, ಎಲ್ಲ ಫೋಟೋಗಳನ್ನೂ ಹೆಸರು ಸಮೇತ ಲೈಬ್ರರಿ ಗೋಡೆಗೆ ಹಾಕೋಣ ಎಂದರು. ನನಗೆ ಖುಷಿಯಾಯಿತು. ಆದರೆ ಬಾವಿಯ ಫೋಟೋ ಕಾಲಿಗೆ ತೊಡರಿತು. ಬಾವಿಯಲ್ಲಿ ನೀರು ಬಿದ್ದ ದಿನ ತೆಗೆದದ್ದು. ಇಪ್ಪತ್ತು ಜನ ನಿಂತಿದ್ದಾರೆ. ನಡುವೆ ಒಬ್ಬನೇ ಒಬ್ಬ ಕುರ್ಚಿಯಲ್ಲಿ ಕೂತಿದ್ದಾನೆ. ಮುಖದ ಮೇಲೆ ಕಲೆ ಹರಡಿದೆ. ಒಂದು ಕಿವಿ ಮಾತ್ರ ಸ್ಪಷ್ಟ. ಅವನು ಏಳನೇ ನಂಬರು.

ಮೇಲಿನ ಮನೆ ಯಜಮಾನರು ಅದು ತಮ್ಮ ಅಜ್ಜ ಎಂದರು. ಕೆಳಗಿನ ಮನೆ ಯಜಮಾನರು ತಮ್ಮ ಅಜ್ಜ ಎಂದರು. ನೋಟ್‌ಬುಕ್ಕಿನಲ್ಲಿ ಇವರ ಅಜ್ಜಂದಿರು ಹನ್ನೊಂದು, ಹನ್ನೆರಡು. ಹಿಂದಿನ ಸಾಲು.

"ನಮ್ಮಜ್ಜ ಹಿಂದೆ ನಿಲ್ಲೋ ಆಳಲ್ಲ. ಹೆಸರು ಸರಿ ಹಾಕದಿದ್ರೆ ನಮ್ಮ ಫೋಟೋ ವಾಪಸ್ ಕೊಟ್ಬಿಡಮ್ಮ" ಎಂದರು ಒಬ್ಬರು. ಇನ್ನೊಬ್ಬರೂ ಅದನ್ನೇ ಅಂದರು. ಪೆಟ್ಟಿಗೆಯಲ್ಲಿ ಮುಕ್ಕಾಲು ಪಾಲು ಆ ಎರಡು ಮನೆಗಳದೇ. ಅವು ಹೋದರೆ ಗೋಡೆಗೆ ಉಳಿಯುವುದು ಮೊಳೆ.

ಏಳರ ಮುಂದೆ ನಮ್ಮವರು ಹೆಸರು ಬರೆದಿರಲಿಲ್ಲ. "ಕನ್ನಡಿ ನೋಡು" ಎಂದಷ್ಟೇ ಬರೆದಿದ್ದರು.

ಮುಚ್ಚಿದ್ದ ಅಂಗಡಿಯ ಬಾಗಿಲು ತೆಗೆದೆ. ಇಬ್ಬರು ಯಜಮಾನರೂ ಬಂದರು. ಮೇಡಂ ಫೋಟೋವನ್ನು ಕನ್ನಡಿಗೆ ಹಿಡಿದರು. ಎಡಗಡೆ ನಿಂತವರು ಬಲಕ್ಕೆ ಹೋದರು, ಅಷ್ಟೇ.

"ಏನಾದ್ರೂ ಕಾಣ್ತಾ?" ಎಂದರು ಮೇಲಿನ ಮನೆಯವರು.

"ನಿಮ್ಮ ಮುಖ ಕಾಣ್ತು. ಸಾಕಾಯ್ತು" ಎಂದರು ಕೆಳಗಿನ ಮನೆಯವರು.

ನಾನು ನಮ್ಮವರ ಭೂತಗನ್ನಡಿ ತೆಗೆದುಕೊಂಡೆ. ಏಳನೆಯವನ ಕಿವಿಯ ಬುಡದಲ್ಲಿ ಸೂಜಿ ಚುಚ್ಚಿದಂಥ ಸಣ್ಣ ತೂತು. ನಮ್ಮವರಿಗೂ ಅದೇ ಜಾಗದಲ್ಲಿ ಅದೇ ತೂತು, ಹುಟ್ಟಿನಿಂದಲೇ. ಗಡ್ಡ ಕೆರೆದುಕೊಂಡಾಗ ಅಲ್ಲಿ ಸೋಪಿನ ನೊರೆ ಕೂತಿರುತ್ತಿತ್ತು. ದಿನಾ ಟವೆಲಿನ ತುದಿಯಿಂದ ಒರೆಸುತ್ತಿದ್ದವಳು ನಾನು. ಅಂಗಡಿಯ ಕನ್ನಡಿಯಲ್ಲಿ ಗಿರಾಕಿಯ ಹಿಂದೆ ಅವರಿಗೆ ದಿನಾ ಕಂಡದ್ದು ತಮ್ಮದೇ ಆ ಕಿವಿ.

ಒಂದು ಹಳೇ ಮಾತು ನೆನಪಾಯಿತು. ನಮ್ಮವರ ಅಜ್ಜನೂ ಕ್ಷೌರದವರೇ. ಊರೆಲ್ಲ ನಿಂತಿರುವಾಗ ತಾನೊಬ್ಬನೇ ಕೂತಿದ್ದೆ ಎಂದು ಹೇಳಿಕೊಳ್ಳುತ್ತಿದ್ದರಂತೆ. ಬಡಾಯಿ ಎಂದುಕೊಂಡಿದ್ದೆ.

ನಮ್ಮವರು ಯಾಕೆ ಬರೆಯಲಿಲ್ಲ ಎಂದೂ ಗೊತ್ತಾಯಿತು. ಎರಡು ಮನೆ ಸೇರಿ ಹದಿನಾಲ್ಕು ತಲೆ. ಮುನಿಸಿಕೊಂಡರೆ ಒಂದೂ ಅಂಗಡಿಗೆ ಬರುತ್ತಿರಲಿಲ್ಲ. ನನಗೇನು? ಅಂಗಡಿಯೇ ಮುಚ್ಚಿದೆ.

"ಇದು ನಮ್ಮ ಮಾವನವರ ಅಪ್ಪ" ಎಂದೆ.

"ಕ್ಷೌರದವನು ಕುರ್ಚೀಲಿ, ನಮ್ಮಜ್ಜ ನಿಂತ್ಕೊಂಡು?" ಮೇಲಿನ ಮನೆಯವರ ದನಿ ಏರಿತು.

"ಕ್ಯಾಮೆರಾ ಸರಿ ಮಾಡ್ಕೊಳ್ಳೋಕೆ ಫೋಟೋದವನು ಅವರನ್ನ ಕೂರಿಸಿ, ಅಲ್ಲಾಡಬೇಡ ಅಂದನಂತೆ. ಜನ್ಮವೆಲ್ಲ ಊರಿಗೆ ಆ ಮಾತು ಹೇಳಿದವರು. ಅವರಿಗೆ ಯಾರಾದ್ರೂ ಹೇಳಿದ್ದು ಅದೊಂದೇ ಸಲ. ಫೋಟೋ ಮುಗಿಯೋವರೆಗೂ ಅಲ್ಲಾಡಲೇ ಇಲ್ಲ."

ಕೆಳಗಿನ ಮನೆಯವರು ಭೂತಗನ್ನಡಿ ಇಸಕೊಂಡು ಬಹಳ ಹೊತ್ತು ನೋಡಿದರು.

"ಅಂದ್ರೆ ನಿಮ್ಮಜ್ಜ ಅಲ್ಲ" ಎಂದರು.

"ನಿಮ್ಮಜ್ಜನೂ ಅಲ್ಲವಲ್ಲ" ಎಂದರು ಮೇಲಿನ ಮನೆಯವರು.

ಇಬ್ಬರ ಮುಖವೂ ಗೆಲುವಾಯಿತು. ಫೋಟೋ ವಾಪಸ್ ಕೇಳುವುದನ್ನು ಇಬ್ಬರೂ ಮರೆತರು.

ಏಳರ ಚೀಟಿ ನಾನೇ ಬರೆದೆ. ಅಕ್ಷರ ದಪ್ಪಗೆ, ಎರಡು ಸಾಲು ಹಿಡಿಯಿತು. ಈಗ ಬಾವಿಯ ಫೋಟೋ ಗಾಜಿನೊಳಗೆ ಗೋಡೆಯ ಮೇಲಿದೆ. ಗಾಜೆಲ್ಲ ಧೂಳು ಹಿಡಿದರೂ ಆ ಕಿವಿಯ ಜಾಗ ಮಾತ್ರ ಹೊಳೆಯುತ್ತದಂತೆ. ಯಾಕೆಂದು ಮೇಡಮ್ಮಿಗೆ ತಿಳಿಯುತ್ತಿಲ್ಲ. ನಾನು ಹೋಗುವುದು ಅವರು ಊಟಕ್ಕೆ ಹೋದಾಗ, ಟವೆಲು ಹೆಗಲ ಮೇಲೆ ಹಾಕಿಕೊಂಡು.