ಮಡಿಲಕ್ಕಿಯ ಸಾಕ್ಷಿ

ನಮ್ಮ ವಂಶದಲ್ಲಿ ಪದವಿ ಪಡೆದ ಮೊದಲಿಗ ನಾನು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಇಲವಾಲದಿಂದ ಮೈಸೂರಿಗೆ ಸೈಕಲ್ ತುಳಿದು ಹೈಸ್ಕೂಲು, ಹಾಸ್ಟೆಲಿನ ಮುದ್ದೆ ಉಂಡು ಬಿ.ಎ., ಮಕ್ಕಳಿಗೆ ಪಾಠ ಹೇಳಿ ಲಾ. ಕಪ್ಪು ಕೋಟು ತೊಟ್ಟು ಊರಿಗೆ ಹೋದಾಗ ಅಪ್ಪ ಅದರ ತೋಳನ್ನು ಹೊಸ ಎತ್ತಿನ ಮೈ ಸವರುವ ಹಾಗೆ ಸವರಿ ನೋಡಿದ್ದ.

ಆ ವರ್ಷವೇ ಅಕ್ಕ ತವರಿಗೆ ಬಂದು ಕೂತಳು. ಭಾವ ಕಾರ್ಖಾನೆ ಕೆಲಸಕ್ಕೆಂದು ಮೈಸೂರು ಸೇರಿ, ವಿದ್ಯಾರಣ್ಯಪುರಂನಲ್ಲಿ ಒಬ್ಬ ವಿಧವೆಯ ಜೊತೆ ಬೇರೆ ಸಂಸಾರವನ್ನೇ ಹೂಡಿದ್ದ. ಅವನ ಕಡೆಯ ಹಿರಿಯರು ಆಗಾಗ ಬಂದು ನಮ್ಮ ಜಗುಲಿಯ ಮೇಲೆ ಕೂರುತ್ತಿದ್ದರು. "ಗಂಡ್ಸು ಕಣ್ರೀ ಗೌಡ್ರೇ, ಎಡವ್ತಾನೆ. ಎಣ್ಣನ್ನ ಕಳ್ಸಿ, ಸರಿಯಾಯ್ತದೆ."

ಅಕ್ಕ ನನ್ನನ್ನು ಹಿತ್ತಿಲಿಗೆ ಕರೆದು ಹೇಳಿದಳು: "ನಂಗೇನೂ ಬ್ಯಾಡ ಕಣ್ಲಾ. ಇವ್ಳು ಆ ಮನೆಗೆ ಓಗ್ಬೇಕಾಗಿಲ್ಲ ಅಂತ ಕೋರ್ಟು ಒಂದು ಮಾತು ಹೇಳ್ಬುಡ್ಲಿ. ಆಮೇಲೆ ಯಾರು ಕರೆಯಕ್ಕೆ ಬರ್ತಾರೋ ನೋಡ್ತೀನಿ."

"ಬರೀ ಮಾತ್ಯಾಕೆ, ಅವನನ್ನ ಜೈಲಿಗೇ ಕಳಿಸ್ತೀನಿ," ಅಂದೆ.

ನಾನು ಯಾರ ಕೈಕೆಳಗೆ ಕೆಲಸ ಕಲಿಯುತ್ತಿದ್ದೆನೋ ಆ ಹಿರಿಯ ವಕೀಲರು ಇದನ್ನು ಕೇಳಿ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿದರು. "ಆ ಹೆಂಗಸು ಯಾರ ಹೆಂಡತಿಯಯ್ಯ?"

"ಗಂಡ ಇಲ್ಲ ಸಾರ್, ವಿಧವೆ."

"ಹಾಗಾದರೆ ಅಪರಾಧ ಎಲ್ಲಿಂದ ಬಂತು? ಇನ್ನೊಬ್ಬನ ಹೆಂಡತಿ ಆಗಿದ್ದಿದ್ದರೂ ಫಿರ್ಯಾದು ಕೊಡಬೇಕಾದವನು ಅವಳ ಗಂಡ, ನಿಮ್ಮಕ್ಕ ಅಲ್ಲ. ಅವನು ಒಪ್ಪಿಬಿಟ್ಟಿದ್ದರೆ ಅದೂ ಇಲ್ಲ."

ವ್ಯಭಿಚಾರದ ಆ ಕಲಮನ್ನು ನಾನು ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ, ಒಳ್ಳೆಯ ಅಂಕವೂ ಬಂದಿತ್ತು. ಅದರ ಮುಂದೆ ನನ್ನ ಅಕ್ಕನನ್ನು ಮಾತ್ರ ನಿಲ್ಲಿಸಿ ನೋಡಿರಲಿಲ್ಲ. ಊರಿಗೆ ಹೋಗಿ ಹೇಳಿದಾಗ ಅವಳು ರಾಗಿ ಬೀಸುವುದನ್ನು ನಿಲ್ಲಿಸಲಿಲ್ಲ. "ಅಂಗಾರೆ ಗಂಡ ಬುಟ್ಟೋದ್ರೆ ನಷ್ಟ ಅಲ್ಲ, ಎಂಡ್ತಿ ಬುಟ್ಟೋದ್ರೆ ಮಾತ್ರ ನಷ್ಟ. ಇದನ್ನ ಓದಕ್ಕೇನ್ಲಾ ಅಷ್ಟು ವರ್ಷ ಸೈಕಲ್ ತುಳ್ದಿದ್ದು?"

ಆದರೆ ಹಿಂದೂ ವಿವಾಹದ ಹೊಸ ಕಾಯಿದೆ ಬಂದಿತ್ತು. ಗಂಡ ಪರಸ್ತ್ರೀಯ ಜೊತೆ ಇದ್ದದ್ದು ರುಜುವಾತಾದರೆ ಬೇರೆ ಇರಲು ಹೆಂಡತಿಗೆ ಕೋರ್ಟಿನ ಅಪ್ಪಣೆ ಸಿಗುತ್ತಿತ್ತು. ಅರ್ಜಿ ಹಾಕಿದೆವು. ವಿದ್ಯಾರಣ್ಯಪುರಂನ ಅಕ್ಕಪಕ್ಕದವರು ಬಂದು ಸಾಕ್ಷಿ ನುಡಿದರು. ಗೆದ್ದೆವು ಅಂತಲೇ ನಾನು ತಿಳಿದೆ.

ಅಕ್ಕ ಕಟಕಟೆ ಹತ್ತಿದಳು. ಭಾವನ ವಕೀಲರು ಬಹಳ ಮೆತ್ತಗೆ ಕೇಳಿದರು: "ಈಚೆಗೆ ನಿಮ್ಮ ಮೈದುನನ ಮದುವೆ ಆಯ್ತಲ್ಲಮ್ಮ, ಹೋಗಿದ್ರಾ?"

"ಓಗಿದ್ದೆ ಬುದ್ಧಿ. ಅತ್ತೆ ಬಂದು ಕೈ ಇಡ್ಕೊಂಡ್ರು. ಇರೀ ಸೊಸೆ ಕಳಸ ಇಡೀದಿದ್ರೆ ಮದುವೆ ನಡೆಯಲ್ಲ ಅಂದ್ರು."

"ನಿಮ್ಮ ತಾಯಿ ಹೇಗೆ ಕಳಿಸಿದ್ರು?"

"ಎಂಗೆ ಅಂದ್ರೆ? ಮಡ್ಲಕ್ಕಿ ಉಯ್ದು ಕಳ್ಸಿದ್ರು."

"ಗಂಡನಿಗೆ ಊಟ ಬಡಿಸಿದ್ರಾ?"

"ಪಂಕ್ತೀಲಿ ಕೂತಿದ್ದ. ಅವನೊಬ್ಬನ ಎಲೆ ಬುಟ್ಟು ಬಡಿಸಕ್ಕಾಯ್ತದಾ?"

ಕೋರ್ಟಿನಲ್ಲಿದ್ದವರೆಲ್ಲ ನಕ್ಕರು. ಈ ಮದುವೆಯ ವಿಷಯ ನನಗೆ ಆವರೆಗೆ ಗೊತ್ತೇ ಇರಲಿಲ್ಲ. ಅದು ವಕೀಲನಿಗೆ ಹೇಳುವಂಥ ಸಂಗತಿ ಅಂತ ಅವ್ವನಿಗಾಗಲಿ ಅಕ್ಕನಿಗಾಗಲಿ ಅನಿಸಿರಲಿಲ್ಲ. ಆ ವಕೀಲರು ನ್ಯಾಯಾಧೀಶರ ಕಡೆ ತಿರುಗಿದರು: ನಮ್ಮ ಸೀಮೆಯಲ್ಲಿ ಮಡಿಲಕ್ಕಿ ತುಂಬಿಸಿಕೊಂಡು ಗಂಡನ ಮನೆ ಹೊಕ್ಕವಳು ಬಾಳುವುದಕ್ಕೇ ಹೊಕ್ಕಿರುತ್ತಾಳೆ, ಈಕೆ ಗಂಡನ ತಪ್ಪನ್ನು ಮನ್ನಿಸಿದ್ದಾಳೆ, ಮನ್ನಿಸಿದ ತಪ್ಪಿಗೆ ಕಾಯಿದೆಯಲ್ಲಿ ಪರಿಹಾರವಿಲ್ಲ.

"ಅತ್ತೆ ಮಗ್ಗಲಲ್ಲಿ ಮಲಗಿದ್ದೆ ಬುದ್ಧಿ! ಅವ್ನು ತಪ್ಪಾಯ್ತು ಅಂತ ಕೇಳ್ಲೂ ಇಲ್ಲ, ನಾನು ಆಗ್ಲಿ ಅನ್ಲೂ ಇಲ್ಲ," ಅಂತ ಅಕ್ಕ ಕೂಗಿದಳು. ಸುಮ್ಮನಿರಲು ಹೇಳಿದರು.

ಅರ್ಜಿ ವಜಾ ಆಯಿತು. ಒಂದು ಹಿಡಿ ಅಕ್ಕಿ, ಎರಡು ಬೆಲ್ಲದಚ್ಚು, ಒಂದು ಕೊಬ್ಬರಿ ಬಟ್ಟಲು: ತಾಯಿ ಮಗಳ ಮಡಿಲಿಗೆ ಹಾಕಿದ್ದು ಇಷ್ಟು. ಅದು ಭಾವನ ಪರವಾಗಿ ಸಾಕ್ಷಿ ನುಡಿದಿತ್ತು. ಮೇಲಿನ ಕೋರ್ಟಿದೆ ಎಂದು ನಮ್ಮ ಹಿರಿಯ ವಕೀಲರು ಏನೇನೋ ಹೇಳುತ್ತಿದ್ದರು. ಕೋರ್ಟಿನ ಮೆಟ್ಟಿಲ ಮೇಲೆ ಕೂತಿದ್ದ ನನ್ನ ಕಿವಿಗೆ ಏನೂ ಬೀಳಲಿಲ್ಲ.

ಮುಂದಿನ ವಾರವೇ ಜಗುಲಿ ತುಂಬಿತು. ಈ ಸಲ ಭಾವನ ಕಡೆಯ ಹಿರಿಯರ ದನಿ ಏರಿತ್ತು. "ಕೋರ್ಟೇ ನಮ್ಮ ಕಡೆ ಹೇಳ್ಬುಟ್ಟದೆ. ಇನ್ನೇನದೆ, ಒರಡಿಸಿ." ಅಪ್ಪ ಗೋಡೆ ನೋಡುತ್ತಿದ್ದ. ಅವ್ವ ಹೆದರಿ, ಕಣ್ಣೊರೆಸಿಕೊಳ್ಳುತ್ತ, ಒಳಗಿನಿಂದ ಮೊರದಲ್ಲಿ ಅಕ್ಕಿ ಬೆಲ್ಲ ತಂದಳು. "ಸರ್ಕಾರನೇ ಹೇಳ್ಬುಟ್ಮೇಲೆ ನಾವ್ಯಾರವ್ವ? ಸೆರಗೊಡ್ಡು."

ಅಕ್ಕ ಸೆರಗನ್ನು ಸೊಂಟಕ್ಕೆ ಬಿಗಿದು ಸಿಕ್ಕಿಸಿಕೊಂಡಳು. ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿ ಜಗುಲಿಯ ನಡುವೆ ಬಂದು ನಿಂತಳು.

"ಎಲ್ಲಾರೂ ಸರಿಯಾಗಿ ನೋಡ್ಕಳಿ," ಅಂದಳು. "ನಾಳೆ ಕೋರ್ಟಲ್ಲಿ ನಿಮ್ಮನ್ನೇ ಕೇಳ್ತಾರೆ. ನಾನು ಮಡ್ಲಕ್ಕಿ ತಗಂಡಿಲ್ಲ."