ಹಂಗೇರಿ ತಾತ ಬರೆದ ಕನ್ನಡ

ನಾನು ಚಿಕ್ಕವಳಿದ್ದಾಗ ಅಂತ ಬಾಯಿ ತೆಗೆದರೆ ಸಾಕು, ನೀವಿಬ್ಬರೂ ಮೊಮ್ಮಕ್ಕಳು ಮುಖ ಮುಖ ನೋಡಿಕೊಂಡು ಕಿಸಕ್ಕನೆ ನಗುತ್ತೀರಿ. ನಗಿ, ನನಗೇನು! ಆದರೆ ಇವತ್ತು ಹೇಳುವುದು ನಗುವ ಕಥೆಯಲ್ಲ. ಎಂಬತ್ತರ ದಶಕದ ಒಂದು ಡಿಸೆಂಬರಿನಲ್ಲಿ ನನ್ನ ಅಜ್ಜಿ ಕಳೆದುಹೋಗಿದ್ದಳು. ಅವಳನ್ನು ಹುಡುಕಲು ನಮ್ಮ ಪಕ್ಕದ ಮನೆಯ ಹಂಗೇರಿ ತಾತ ಏನು ಮಾಡಿದರು ಅನ್ನುವುದನ್ನು ಹೇಳುತ್ತೇನೆ, ಕೇಳಿ.

ಆಗ ನಮ್ಮ ಮನೆ ಈ ಪರದೇಶದ ಇದೇ ಕಣಿವೆಯಲ್ಲಿ, ಬೆರ್ರಿಯೆಸಾ ಅನ್ನುವ ಬಡಾವಣೆಯಲ್ಲಿತ್ತು. ಬೀದಿಯ ಮನೆಗಳೆಲ್ಲ ಒಂದೇ ಅಚ್ಚಿನವು. ಅದೇ ಕಂದು ಗೋಡೆ, ಅದೇ ಬಿಳಿ ಗ್ಯಾರೇಜು ಬಾಗಿಲು, ಮುಂದೆ ಅದೇ ಒಂದು ತುಂಡು ಹುಲ್ಲು. ಪಕ್ಕದ ಬೀದಿಯೂ ಹಾಗೇ, ಅದರಾಚೆಯದೂ ಹಾಗೇ. ನಾನೇ ಎಷ್ಟೋ ಸಲ ಬೇರೆಯವರ ಮನೆ ಬಾಗಿಲು ಬಡಿದು ಪೆಚ್ಚಾಗಿ ವಾಪಸು ಬಂದಿದ್ದೇನೆ.

ಪಕ್ಕದ ಮನೆಯಲ್ಲಿ ಒಬ್ಬರೇ ಇದ್ದ ಮುದುಕರನ್ನು ನಾನು ಹಂಗೇರಿ ತಾತ ಅನ್ನುತ್ತಿದ್ದೆ. ಹಂಗೇರಿ ಅಂದರೆ ಯುರೋಪಿನ ನಡುವೆ ಇರುವ ಒಂದು ದೇಶ. ಅವರು ಅಲ್ಲಿಯ ಚಿತ್ರಕಾರರು. ಚೌಕಟ್ಟು ಹಾಕಿ ಗೋಡೆಗೆ ತೂಗುಹಾಕುವ ಚಿತ್ರ ಬರೆದವರಲ್ಲ, ಅಚ್ಚಾಗಿ ಊರೆಲ್ಲ ಹಂಚಿಹೋಗುವ ಚಿತ್ರಗಳನ್ನು, ಅಕ್ಷರಗಳನ್ನು ಬರೆದವರು. ಅವರ ಗ್ಯಾರೇಜಿಗೆ ಕಾಲಿಟ್ಟರೆ ಶಾಯಿಯ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಗೋಡೆಯ ತುಂಬ ಅವರ ಆಯುಷ್ಯವೇ ಅಂಟಿಕೊಂಡಿತ್ತು. ಬಾಯಿ ತೆರೆದ ಸರ್ಕಸ್ ಸಿಂಹದ ಪೋಸ್ಟರು, ಉಗುರಿಗಿಂತ ಸ್ವಲ್ಪ ದೊಡ್ಡ ಅಂಚೆಚೀಟಿಗಳು, ಬೆಂಕಿಪೊಟ್ಟಣದ ಚೀಟಿ, ಮಕ್ಕಳ ಪುಸ್ತಕದ ಕರಡಿ, ಇಸ್ಪೀಟಿನ ರಾಣಿ. ಅವರ ದೇಶದಲ್ಲಿ ಜನ ದಂಗೆ ಎದ್ದು, ಬೀದಿಗೆ ಟ್ಯಾಂಕುಗಳು ನುಗ್ಗಿದಾಗ ಗಡಿ ದಾಟಿ ಓಡಿಬಂದರಂತೆ. ಇಲ್ಲಿಗೆ ಬಂದಾಗ ಇಂಗ್ಲಿಷು ಒಂದಕ್ಷರ ಬರುತ್ತಿರಲಿಲ್ಲ. ಆಗೆಲ್ಲ ಈ ಕಣಿವೆಯ ತುಂಬ ಹಣ್ಣಿನ ತೋಟಗಳು, ಹಣ್ಣನ್ನು ಡಬ್ಬಿಗೆ ತುಂಬುವ ಕಾರ್ಖಾನೆಗಳು. ಡಬ್ಬಿಗೆ ಸುತ್ತುವ ಕಾಗದದ ಮೇಲೆ ಏಪ್ರಿಕಾಟು ಹಣ್ಣು ಬರೆಯುವುದಕ್ಕೆ ಭಾಷೆ ಯಾಕೆ ಬೇಕು? ಅದನ್ನೇ ಬರೆದು ಹೊಟ್ಟೆ ಹೊರೆದರು. ಆಮೇಲೆ ಅಂಗಡಿ ಬೋರ್ಡು, ಕ್ಯಾಲೆಂಡರು, ಹಾಡಿನ ರೆಕಾರ್ಡುಗಳ ಹೊದಿಕೆ. "ಅಂಚೆಚೀಟಿಯಿಂದ ಹಿಡಿದು ಗೋಡೆಯವರೆಗೆ ನಾನು ಬರೆಯದೇ ಇರುವುದು ಯಾವುದೂ ಇಲ್ಲ" ಅನ್ನುತ್ತಿದ್ದರು. ಸ್ವಲ್ಪ ಜಂಬದ ಮನುಷ್ಯ. ಇರಲಿ, ಜಂಬಪಡುವಂಥ ಕೈ ಅದು.

ಗ್ಯಾರೇಜಿನಲ್ಲಿ ಜಾಗವಿಲ್ಲದೆ ಅವರ ಹಳೆಯ ನೀಲಿ ಕಾರು ಸದಾ ಹೊರಗೇ ನಿಂತಿರುತ್ತಿತ್ತು.

ಅಜ್ಜಿ ಅಂದರೆ ಅಪ್ಪನ ತಾಯಿ. ಮಂಡ್ಯದ ಹತ್ತಿರದ ಹಳ್ಳಿಯಿಂದ ಬಂದು ಇನ್ನೂ ತಿಂಗಳಾಗಿರಲಿಲ್ಲ. ಕನ್ನಡ ಚೆನ್ನಾಗಿ ಓದುತ್ತಿದ್ದಳು, ಇಂಗ್ಲಿಷು ಮಾತ್ರ ಸುತರಾಂ ಬರುತ್ತಿರಲಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಸೀರೆಯ ಮೇಲೆ ಅಪ್ಪನ ಸ್ವೆಟರು ತೊಟ್ಟು ಒಂದು ಸುತ್ತು ನಡೆದು ಬರುತ್ತಿದ್ದಳು. ಸಂಜೆ ನನ್ನನ್ನು ಕೂರಿಸಿಕೊಂಡು ಸ್ಲೇಟಿನ ಮೇಲೆ ಕನ್ನಡ ಕಲಿಸುತ್ತಿದ್ದಳು. ಕಾಗುಣಿತ ಮುಗಿದಿತ್ತು, ಒತ್ತಕ್ಷರ ಇನ್ನೂ ಶುರುವಾಗಿರಲಿಲ್ಲ. 'ಅಜ್ಜಿ' ಅಂತ ಬರೆಯುವುದನ್ನು ಮಾತ್ರ ಮುದ್ದಿಗೆ ಮೊದಲೇ ಹೇಳಿಕೊಟ್ಟಿದ್ದಳು.

ಅವತ್ತು ನಾನು ಶಾಲೆಯಿಂದ ಬಂದಾಗ ಅಮ್ಮ ಬಾಗಿಲಲ್ಲೇ ನಿಂತಿದ್ದಳು.

"ದಾರೀಲಿ ಅಜ್ಜಿ ಸಿಕ್ಕಿದ್ರೇನೇ?"

ಇಲ್ಲ ಅಂದೆ. ಊಟವಾದ ಮೇಲೆ ಹೊರಟ ಅಜ್ಜಿ ಇನ್ನೂ ಬಂದಿರಲಿಲ್ಲ. ಅಮ್ಮ ಆಗಲೇ ಬೀದಿ ಬೀದಿ ಸುತ್ತಿ ಬಂದಿದ್ದಳು. ಅಜ್ಜಿಗೆ ಸಕ್ಕರೆ ಕಾಯಿಲೆ. ಹೊತ್ತಿಗೆ ಸರಿಯಾಗಿ ಏನಾದರೂ ತಿನ್ನದಿದ್ದರೆ ಕೈಕಾಲು ನಡುಗಿ ಕಣ್ಣು ಕತ್ತಲೆ ಬರುತ್ತಿತ್ತು. ಒಂದು ಸಲ ಊರಿನಲ್ಲಿ ಹಾಗೇ ಬಿದ್ದು ಎಚ್ಚರ ತಪ್ಪಿದ್ದಳಂತೆ. ಅಪ್ಪ ಆಫೀಸಿನಿಂದಲೇ ಪೊಲೀಸರಿಗೆ ಹೇಳಿ ಹೊರಟಿದ್ದ, ಆದರೆ ಆ ಹೊತ್ತಿನ ಫ್ರೀವೇಯ ಟ್ರಾಫಿಕ್ಕು ಗೊತ್ತಲ್ಲ. ಯಾರಾದರೂ ಫೋನು ಮಾಡಿಯಾರು ಅಂತ ಅಮ್ಮ ಅಡುಗೆಮನೆಯ ಗೋಡೆಯ ಫೋನಿನ ಪಕ್ಕ ನಿಂತುಬಿಟ್ಟಳು. ಅದನ್ನು ಬಿಟ್ಟು ಹೋಗುವಂತಿರಲಿಲ್ಲ.

ನಾನು ಹೊರಗೆ ಬಂದು ನಿಂತೆ. ಅಷ್ಟರಲ್ಲಿ ತಾತನ ಕಾರು ರಿಪೇರಿಯಿಂದ ವಾಪಸು ಬಂತು. ಅದನ್ನು ನೋಡಿದ್ದೇ ನನಗೆ ವಿಷಯ ತಿಳಿದುಹೋಯಿತು. ಅಯ್ಯೋ ದೇವರೇ! ಅಜ್ಜಿ ನಮ್ಮ ಮನೆಯ ಗುರುತು ಇಟ್ಟುಕೊಂಡದ್ದೇ ಈ ನೀಲಿ ಕಾರಿನಿಂದ. ಕಾರಿಲ್ಲ ಅಂದಮೇಲೆ ಮನೆಯಿಲ್ಲ. ನಮ್ಮ ಬಾಗಿಲ ಮುಂದೆಯೇ ಹಾದು ಮುಂದಕ್ಕೆ ಹೋಗಿಬಿಟ್ಟಿದ್ದಳು!

ತಾತನಿಗೆ ಅಳುತ್ತಲೇ ಹೇಳಿದೆ. ಅವರು ಕಾರಿನ ಕಡೆ ಒಮ್ಮೆ ನೋಡಿ ಒಂದೇ ಪ್ರಶ್ನೆ ಕೇಳಿದರು. ಅವರು ಮಾತಾಡಿದ್ದೆಲ್ಲ ಇಂಗ್ಲಿಷಿನಲ್ಲಿ, ನಿಮಗೆ ನಾನು ಕನ್ನಡದಲ್ಲಿ ಹೇಳುತ್ತಿದ್ದೇನೆ.

"ಅವರಿಗೆ ಯಾವ ಅಕ್ಷರ ಓದಲು ಬರುತ್ತದೆ?"

"ಕನ್ನಡ."

"ನಿನಗೆ ಬರೆಯಲು ಬರುತ್ತದಾ? ಬಾ."

ಗ್ಯಾರೇಜಿನಲ್ಲಿ ನನ್ನ ಮುಂದೆ ಕಾಗದ, ಪೆನ್ಸಿಲು ಇಟ್ಟರು. ಅಜ್ಜಿ, ನಾವು ಕಾಯ್ತಿದ್ದೀವಿ, ಹೆದರಬೇಡ, ಇಲ್ಲೇ ಹತ್ತಿರದಲ್ಲೇ ಇದ್ದೀವಿ ಅಂತೆಲ್ಲ ಬರೆಯಲು ಹೊರಟೆ. ತಾತ ತಲೆ ಅಲ್ಲಾಡಿಸಿದರು. ಹೆದರಿದವರು ಉದ್ದ ಓದುವುದಿಲ್ಲ, ಬೀದಿಯ ಆಚೆ ಬದಿಯಿಂದ ಒಂದೇ ನೋಟಕ್ಕೆ ತಿಳಿಯಬೇಕು ಅಂದರು. ಕೊನೆಗೆ ಮೂರೇ ಪದ ಉಳಿದವು. 'ಅಜ್ಜಿ ಇಲಿ ಬಾ' ಅಂತ ಬರೆದುಕೊಟ್ಟೆ.

"ಓದು" ಅಂದರು ತಾತ. ಓದಿದೆ. "ಇನ್ನೊಂದು ಸಲ." ಓದಿದೆ. ಅವರ ಹುಬ್ಬು ಗಂಟಿಕ್ಕಿತು. ಎರಡನೆಯ ಪದವನ್ನು ಹೇಳುವಾಗ ನಿನ್ನ ನಾಲಿಗೆ ಒಂದು ಕ್ಷಣ ತಡೆದು ನಿಲ್ಲುತ್ತದೆ, ಕಾಗದದ ಮೇಲೆ ಅದು ನಿಂತಿಲ್ಲವಲ್ಲ ಅಂದರು. ಅವರ ಭಾಷೆಯಲ್ಲೂ ಹಾಗೆಯೇ ಅಂತೆ, ಒತ್ತಿ ಹೇಳುವ ಅಕ್ಷರವನ್ನು ಎರಡು ಸಲ ಬರೆಯಬೇಕು, ಇಲ್ಲದಿದ್ದರೆ ಅರ್ಥವೇ ಬೇರೆ. ಆಗ ನನಗೂ ಹೊಳೆಯಿತು. ಅಜ್ಜಿಯನ್ನು ಕರೆಯುವ ಬದಲು ಇಲಿಯನ್ನು ಕರೆಯುತ್ತಿದ್ದೆ! ಬೇರೆ ದಿನವಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ. ಅವತ್ತು ಕಣ್ಣಲ್ಲಿ ನೀರು ಬಂತು, ಯಾಕೆಂದರೆ ಸರಿಯಾಗಿ ಬರೆಯುವುದು ಹೇಗೆ ಅಂತ ನನಗೆ ಗೊತ್ತಿರಲಿಲ್ಲ. ತಾತ 'ಅಜ್ಜಿ'ಯ ಮೇಲೆ ಬೆರಳಿಟ್ಟರು. "ಇಲ್ಲೂ ನೀನು ತಡೆದು ಹೇಳುತ್ತೀಯ. ನೋಡು, ಅದೇ ಅಕ್ಷರ ಕೆಳಗೆ ಪುಟ್ಟದಾಗಿ ಕೂತಿದೆ." ಹಾಗೆಂದವರೇ 'ಲಿ'ಯ ಕೆಳಗೆ ಒಂದು ಪುಟ್ಟ 'ಲ' ಬರೆದರು. ಇಲ್ಲಿ!

ಆಮೇಲೆ ಅಗಲ ಕುಂಚ ಕಪ್ಪು ಶಾಯಿಗೆ ಇಳಿಯಿತು. ಓದಲು ಬಾರದ ಅಕ್ಷರವನ್ನು ಆ ಮನುಷ್ಯ ಬರೆದದ್ದು ನೋಡಬೇಕಿತ್ತು ನೀವು! ಒಂದೊಂದು ಹಾಳೆಗೂ ಕೆಳಗೆ ಕೆಂಪು ಬಾಣ. ಶಾಯಿ ಆರುವ ಮೊದಲೇ ಹೊತ್ತುಕೊಂಡು ಹೊರಟೆವು. ದೀಪದ ಕಂಬಕ್ಕೆ, ಬೇಲಿಗೆ, ಬಸ್ ಸ್ಟಾಪಿಗೆ, ತಿರುವು ತಿರುವಿಗೆ ಅಂಟಿಸುತ್ತ ದೊಡ್ಡ ರಸ್ತೆಯವರೆಗೆ ಹೋದೆವು. ಬೆಟ್ಟದ ಮೇಲಿನ ಬಿಸಿಲು ಆರಿಹೋಗುತ್ತಿತ್ತು. ಚಳಿಗೆ ನನ್ನ ಬೆರಳು ಸೆಟೆದು ಟೇಪು ಹರಿಯಲು ಬರುತ್ತಿರಲಿಲ್ಲ. ಅಜ್ಜಿ ಎಲ್ಲೋ ಬಿದ್ದಿದ್ದಾಳೆ, ಯಾರೂ ನೋಡಿಲ್ಲ ಅಂತಲೇ ಮನಸ್ಸು ಹೇಳುತ್ತಿತ್ತು.

ಅಷ್ಟು ಹೊತ್ತಿಗೆ ಅಪ್ಪ ಬಂದ. ನಮ್ಮನ್ನು ನೋಡಿ ಕಾರು ನಿಲ್ಲಿಸಿ ಸಿಡುಕಿದ. "ನಮ್ಮವ್ವ ಪೊಲೀಸ್ನೋರಿಗೇ ಸಿಕ್ಕಿಲ್ಲ, ಈ ಪೇಪರಿಂದ ಸಿಗ್ತಾರಾ? ಟೈಮು ವೇಸ್ಟು! ನೀನು ಮನೆಗೆ ಹೋಗು." ಸಿಟ್ಟಲ್ಲ ಅದು, ಭಯ. ತಾತನಿಗೆ ಮಾತು ತಿಳಿಯದಿದ್ದರೂ ಅರ್ಥ ತಿಳಿಯಿತು. ವಾಪಸು ಬರುತ್ತ ಕೊನೆಯ ಹಾಳೆಯನ್ನು ನಮ್ಮ ಬೀದಿಯ ಮೂಲೆಗೆ ಅಂಟಿಸಿದರು. ಅಪ್ಪ ಮತ್ತೆ ಹುಡುಕಲು ಹೋದ.

ಮಬ್ಬುಗತ್ತಲೆ ಆವರಿಸಿತು. ತಾತ ನೀಲಿ ಕಾರನ್ನು ತಂದು ಬೀದಿಯ ಮೂಲೆಯಲ್ಲಿ ನಿಲ್ಲಿಸಿ, ಅದರ ಬೆಳಕು ಆ ಹಾಳೆಯ ಮೇಲೆ ಬೀಳುವಂತೆ ಮಾಡಿದರು. ನಾವಿಬ್ಬರೂ ಒಳಗೆ ಕೂತು ಕಾದೆವು.

"ಅಜ್ಜಿ ಇದನ್ನು ನೋಡುತ್ತಾಳಾ?" ಅಂತ ಕೇಳಿದೆ.

ತಾತ ತಮ್ಮ ಊರಿನ ಕಥೆ ಹೇಳಿದರು. ಅವರು ಯುವಕರಾಗಿದ್ದಾಗ ಯುದ್ಧದಲ್ಲಿ ಅವರ ಊರಿನ ಅರ್ಧ ಮನೆಗಳು ನೆಲಸಮವಾಗಿದ್ದವು. ಯಾರು ಎಲ್ಲಿದ್ದಾರೆ ಅಂತ ಯಾರಿಗೂ ಗೊತ್ತಿಲ್ಲ. ಅಕ್ಷರ ಚೆನ್ನಾಗಿದೆ ಅಂತ ಜನ ಇವರ ಹತ್ತಿರ ಬಂದು, ಉಳಿದ ಗೋಡೆಗಳ ಮೇಲೆ ಬರೆಸಿಕೊಳ್ಳುತ್ತಿದ್ದರಂತೆ, ನಾವು ಬದುಕಿದ್ದೇವೆ, ಇಂಥ ಕಡೆ ಇದ್ದೇವೆ, ಬನ್ನಿ ಅಂತ. ತಾತ ತಮ್ಮ ಅಮ್ಮನಿಗೂ ಹಾಗೇ ಬರೆದಿದ್ದರು.

"ಬಂದರಾ?"

"ಇಲ್ಲ."

ಅಷ್ಟೇ ಅಂದರು. ನನಗೆ ಅಳು ತಡೆಯಲಾಗಲಿಲ್ಲ. ಜೋರಾಗಿ ಅತ್ತುಬಿಟ್ಟೆ. ಅವರು ಸ್ಟಿಯರಿಂಗು ಹಿಡಿದುಕೊಂಡು ರಸ್ತೆಯನ್ನೇ ನೋಡುತ್ತಿದ್ದರು.

ಆಗ ಬೆಳಕಿನ ಅಂಚಿಗೆ ಒಂದು ಸೀರೆ ಬಂತು. ಅಜ್ಜಿ! ಒಂದು ಕೈಯಲ್ಲಿ ಬೇಲಿ ಹಿಡಿದುಕೊಂಡು ನಿಧಾನವಾಗಿ ನಡೆದು ಬಂದು, ಹಾಳೆಯನ್ನು ಓದಿ, ಬಾಣದ ಕಡೆ ತಿರುಗಿ, ನೀಲಿ ಕಾರು ನೋಡಿ ಅಲ್ಲೇ ಕುಸಿದು ಕೂತಳು. ನಾನು ಓಡಿಹೋಗಿ ತಬ್ಬಿಕೊಂಡೆ. ಅವಳ ಮೈಯೆಲ್ಲ ಬೆವೆತು ನಡುಗುತ್ತಿತ್ತು. ತಾತ ಓಡಿ ಅಮ್ಮನನ್ನು ಕರೆತಂದರು. ಅಮ್ಮ ಕಿತ್ತಳೆ ರಸ ಕುಡಿಸಿದಳು. ನಾಲ್ಕು ಗುಟುಕು ಒಳಗೆ ಹೋದ ಮೇಲೆ ಅಜ್ಜಿಗೆ ಮಾತು ಬಂತು.

"ಪೋಲೀಸ್ನೋರ್ ಗಾಡಿ ಬತ್ತು ಕಣವ್ವ. ಇಡ್ಕೊಂಡೋಯ್ತಾರೆ ಅಂತ ಸೆರಗು ಹೊದ್ಕಂಡು ಗಿಡದ್ ಮರೇಲಿ ಕುಂತಿದ್ದೆ. ಎದ್ ನೋಡುದ್ರೆ ಕಂಬದ್ ಮೇಲೆ ಕನ್ನಡ! ಯಾರ್ ಬರ್ದಿದ್ದು?"

ತಾತನನ್ನು ತೋರಿಸಿದೆ. ಅವರ ಊರಿನ ಗೋಡೆಗಳ ಕಥೆಯನ್ನೂ, ಅವರ ಅಮ್ಮ ಬಾರದೇ ಹೋದದ್ದನ್ನೂ ಬಿಕ್ಕುತ್ತ ಹೇಳಿದೆ. ಅಜ್ಜಿ ಶಾಯಿ ಮೆತ್ತಿದ ಅವರ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಬಂದಿವ್ನಿ ಅಂತ ಹೇಳ್ ಮಗ. ಅವ್ರಿಗೆ ಹೇಳು, ಬಂದಿವ್ನಿ ಅಂತ."

ಹೇಳಿದೆ. ತಾತ ಕೈ ಬಿಡಿಸಿಕೊಳ್ಳದೆ ಹಾಗೇ ನಿಂತಿದ್ದರು. ಅಷ್ಟು ಜಂಬದ ಮನುಷ್ಯ ಮಗುವಿನ ಹಾಗೆ ಅತ್ತುಬಿಟ್ಟರು.

ನಿಮ್ಮ ಕಾಲದಲ್ಲಿ ಬಿಡಿ, ಯಾರೂ ಕಳೆದುಹೋಗುವುದೇ ಇಲ್ಲ. ನಾನು ಗ್ರೋಸರಿಗೆ ಹೋದರೂ ನಿಮ್ಮ ಫೋನಿನ ಮೇಲೆ ಚುಕ್ಕಿಯಾಗಿ ಕಾಣುತ್ತೇನೆ. ಚುಕ್ಕಿ ನೋಡಿ ಸುಮ್ಮನಾಗುತ್ತೀರಿ. ಒಳ್ಳೆಯದೇ, ಆ ಸಂಜೆಯಂಥದ್ದು ನಿಮಗೆ ಬರುವುದು ಬೇಡ. ಆದರೆ ಕಳೆದ ವಾರ ನಾನು ಫೋನನ್ನು ಮನೆಯಲ್ಲೇ ಬಿಟ್ಟು ವಾಕಿಂಗು ಹೋಗಿದ್ದೆನಲ್ಲ, ಮರೆವು ಜಾಸ್ತಿಯಾಯಿತು ಅಂತ ನಿಮ್ಮಮ್ಮ ಬೈದಳಲ್ಲ? ಮರೆವೂ ಇಲ್ಲ, ಮಣ್ಣೂ ಇಲ್ಲ. ಯಾವಾಗಲೂ ಇಂಗ್ಲಿಷಿನಲ್ಲೇ ಮಾತಾಡುವ ನೀವಿಬ್ಬರೂ ಬರಿಗಾಲಲ್ಲಿ ಬೀದಿಗೆ ಓಡಿಬಂದು "ಅಜ್ಜೀ" ಅಂತ ಕೂಗಿದಿರಿ. ನಾನು ಮೂಲೆಯ ಮರದ ಹಿಂದೆ ನಿಂತು, ಇನ್ನೊಂದು ಸಲ ಕೂಗಲಿ ಅಂತ ಕಾದೆ.