ಸ್ಕ್ರೀನ್ ಕಪ್ಪಾದಷ್ಟು ಹೊತ್ತು

ಈವತ್ತು ಬೆಳಿಗ್ಗೆ ನಮ್ಮ ಕಂಟ್ರೋಲ್ ರೂಮಿಗೆ ಹೊಸ ಪ್ರೋಗ್ರಾಂ ಬಂತು. ತಾಂಡ್ಯದ ಈ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಮೆಷಿನ್ನುಗಳ ಸುದ್ದಿಯನ್ನೆಲ್ಲ ಕಂಪ್ಯೂಟರ್ ಸ್ಕ್ರೀನಿನ ಮೇಲೆ ಸಾಲುಸಾಲಾಗಿ ಓಡಿಸುತ್ತಿರುತ್ತದೆ. ಅದಕ್ಕೆ ಲಾಗ್ ಅನ್ನುತ್ತೇವೆ. ಬೆಲ್ಟಿನ ಸುದ್ದಿ ಮಾತ್ರ ಬೇಕಾದರೆ 'ಬೆಲ್ಟ್' ಅಂತ ಫಿಲ್ಟರ್ ಹಾಕಬೇಕು. ಇನ್ನು ಮೇಲೆ ಸಾಲುಗಳು ಓಡುತ್ತಿರುವಾಗಲೇ ಆ ಪದ ಅಳಿಸಿ 'ಮೋಟರ್' ಅಂತ ಬರೆದರಾಯಿತು, ಏನನ್ನೂ ನಿಲ್ಲಿಸಬೇಕಿಲ್ಲ. ಎಲ್ಲರೂ ಭೇಷ್ ಅಂದರು. ನನಗೇಕೋ ಕಸಿವಿಸಿಯಾಯಿತು.

ನಗಬೇಡಿ, ಹೇಳುತ್ತೇನೆ. ಹಳೆಯದರಲ್ಲಿ ಪದ ಬದಲಿಸಬೇಕೆಂದರೆ ಪ್ರೋಗ್ರಾಮನ್ನೇ ನಿಲ್ಲಿಸಿ ಮತ್ತೆ ಶುರು ಮಾಡಬೇಕಿತ್ತು. ಅದೋ ಮಹಾ ಸೋಮಾರಿ. ಒಮ್ಮೆ ಸ್ಕ್ರೀನ್ ಕಪ್ಪಾದರೆ ಅರ್ಧ ಲೋಟ ಟೀ ಕುಡಿಯುವಷ್ಟು ಹೊತ್ತು ಏಳುತ್ತಿರಲಿಲ್ಲ. ವರ್ಷಗಳ ಹಿಂದೆ ಪಕ್ಕದ ಕುರ್ಚಿಯಲ್ಲಿ ಮಂಜುಳ ಇದ್ದಳು, ಟಿ. ನರಸೀಪುರದಿಂದ ದಿನಾ ಬಸ್ಸಿನಲ್ಲಿ ಬರುವವಳು. ಸಾಲು ಓಡುವಾಗ ಇಬ್ಬರ ಕಣ್ಣೂ ಅದರ ಮೇಲೆ, ಮಾತಿಲ್ಲ ಕತೆಯಿಲ್ಲ. ಸ್ಕ್ರೀನ್ ಕಪ್ಪಾಯಿತೋ, ಡಬ್ಬಿ ತೆಗೆದು ಹುರಿದ ಅವರೆಕಾಳು ಮುಂದಿಡುವಳು. ಅವರಪ್ಪನಿಗೆ ಮೂಗಿನ ತುದಿಯಲ್ಲೇ ಕೋಪ, ಅವಳಿಗೆ ಕಿಟಕಿ ಸೀಟು ಸಿಗದಿದ್ದರೆ ದಿನವೆಲ್ಲ ಮುನಿಸು, ಇದೆಲ್ಲ ನನಗೆ ತಿಳಿದದ್ದು ಆ ಕಪ್ಪು ಸ್ಕ್ರೀನಿನ ಮುಂದೆಯೇ. ನಿಂತಿದ್ದ ಹೊತ್ತಿನ ಸಾಲುಗಳು ಕಳೆದುಹೋಗುತ್ತವೆ ಅಂತ ಮೇಲಿನವರು ಗೊಣಗುತ್ತಿದ್ದರು. ನಾನಂತೂ ಬೇಕಿರಲಿ ಬಿಡಲಿ, ಫಿಲ್ಟರ್ ಬದಲಿಸಲು ನೆಪ ಹುಡುಕುತ್ತಿದ್ದೆ.

ಹಾಗೊಂದು ದಿನ ಸ್ಕ್ರೀನ್ ಕಪ್ಪಾದೊಡನೆ, "ನಮ್ಮನೇಲಿ ಗಂಡು ನೋಡ್ತಾವ್ರೆ ಕಣ್ರೀ" ಅಂದಳು.

"ನಿಮ್ಮನೇವ್ರಿಗೆ ನನ್ನೂ ಒಸಿ ನೋಡಾಕೇಳಿ" ಅಂದುಬಿಟ್ಟೆ.

ಅಷ್ಟರಲ್ಲಿ ಹಾಳಾದ ಸಾಲುಗಳು ಬಂದೇಬಿಟ್ಟವು. ಮಂಜುಳ ಸ್ಕ್ರೀನ್ ನೋಡಿ, "ಅಯ್ಯೋ, ಬ್ಯಾರೆ ಪದ ಆಕ್ಬುಟ್ಟಿವ್ನಿ, ಇನ್ನೊಂದ್ಸಲ ನಿಲ್ಸ್‌ಬೇಕು" ಅಂದಳು. ಹಾಕಿದ್ದು ಸರಿಯಾಗಿಯೇ ಇತ್ತು, ನನಗೂ ಕಣ್ಣಿದೆಯಲ್ಲ. ನಿಲ್ಲಿಸಿದಳು. ಕಪ್ಪು ಸ್ಕ್ರೀನನ್ನೇ ನೋಡುತ್ತ, "ಬಾನ್ವಾರ ಬನ್ನಿ. ನಮ್ಮಪ್ಪ ಒಸಿ ಜೋರು, ಎದ್ರುಕೋಬ್ಯಾಡಿ" ಅಂದಳು.

ಹೋದೆ, ಹೆದರಿದೆ, ಮದುವೆಯೂ ಆಯಿತು. ಈಗ ಅವಳು ತಾಂಡ್ಯದಲ್ಲೇ ಬೇರೊಂದು ಕಾರ್ಖಾನೆಯಲ್ಲಿದ್ದಾಳೆ. ಅವಳದು ಎರಡನೇ ಶಿಫ್ಟು, ನನ್ನದು ಮೊದಲನೆಯದು. ನಂಜನಗೂಡಿನ ಮನೆಗೆ ನಾನು ಬರುವಾಗ ಬಾಗಿಲಲ್ಲಿ ಅವಳ ಚಪ್ಪಲಿ ಇರುವುದಿಲ್ಲ, ಅವಳು ಬರುವಾಗ ನಾನು ಗೊರಕೆ ಹೊಡೆಯುತ್ತಿರುತ್ತೇನೆ. ಭಾನುವಾರ ಬಟ್ಟೆಬರೆ, ನೆಂಟರಿಷ್ಟರು. ಫೋನಿನಲ್ಲಿ ಮಾತೆಂದರೆ ಸಾರು ಬಿಸಿ ಮಾಡಿದ್ರಾ, ನೀರು ಬಂತಾ, ಮಗಳ ಯೂನಿಫಾರ್ಮ್ ಒಣಗಿತಾ. ಕಟ್ಟಿಕೊಂಡ ಹೆಂಡತಿಗಾಗಿಯೇ ಹಂಬಲಿಸುವುದು ನಗೆಪಾಟಲೇ ಸರಿ, ಆದರೂ ಆ ಪಕ್ಕದ ಕುರ್ಚಿ ಕಂಡಾಗಲೆಲ್ಲ ಅವಳು ಬೇಕು ಅನ್ನಿಸುತ್ತದೆ.

ತಿಂಡಿ ಬಿಡುವಿನಲ್ಲಿ ಮೆಷಿನ್ನುಗಳು ನಿಂತಿದ್ದಾಗ ಫೋನ್ ಮಾಡಿ ಹೊಸ ಪ್ರೋಗ್ರಾಮಿನ ಸಂಗತಿ ಹೇಳಿದೆ. ಅವಳ ಹಿಂದೆ ಮಿಕ್ಸಿ ತಿರುಗುತ್ತಿತ್ತು.

"ಇನ್ಮ್ಯಾಲೆ ನಿಲ್ಸೋದೇ ಬ್ಯಾಡ್ವಾ?"

"ಬ್ಯಾಡ."

ಮಿಕ್ಸಿ ನಿಂತಿತು. "ಅಂಗಾರೆ ನಾವ್ ಯಾವಾಗ್ರೀ ಮಾತಾಡೋದು?"

ನಾನು ಪಕ್ಕದ ಕುರ್ಚಿಯತ್ತ ನೋಡಿದೆ. ಅವಳೇ ಮತ್ತೆ ಕೇಳಿದಳು.

"ಅಳೇ ಪ್ರೋಗ್ರಾಮು ಇನ್ನೂ ಐತಾ?"

"ಐತೆ."

"ಒಂದ್ಸಲ ನಿಲ್ಸಿ, ನೋಡವ."

ಹಳೆಯ ಪ್ರೋಗ್ರಾಂ ತೆರೆದು, ನಿಲ್ಲಿಸಿ, ಮತ್ತೆ ಶುರು ಮಾಡಿದೆ. "ಕಪ್ಪಾಯ್ತು" ಅಂದೆ.

"ಊಂ, ಈಗೇಳಿ" ಅಂದಳು ಮಂಜುಳ, "ಎಂಗಿದ್ದೀರಿ?"